ಲಿನ್ ಅಕ್ಕ ಕಟ್ಟಿಕೊಟ್ಟ ಹತ್ತು ಡಬ್ಬಿ

ಕೌಲೂನಿನ ತೊಕ್ವಾವಾನ್ ಬಡಾವಣೆಯ ಆ ಕಾರ್ಖಾನೆ ಕಟ್ಟಡದಲ್ಲಿ ಕೆಳಗೆ ಮೀನಿನ ಉಂಡೆ ಮಾಡುವವರಿದ್ದರು, ಮೇಲೆ ಕೊಡೆ ಹೊಲಿಯುವವರಿದ್ದರು, ನಡುವೆ ಮೂರನೆಯ ಮಹಡಿಯಲ್ಲಿ ಸೀಟೋ ಯಜಮಾನರ ಫಿಲ್ಮ್ ಲ್ಯಾಬ್ ಇತ್ತು. ಅಲ್ಲಿ ಮೂವತ್ತೊಂದು ವರ್ಷಗಳಿಂದ ನೆಗೆಟಿವ್ ಕತ್ತರಿಸುತ್ತಿದ್ದವಳು ಕ್ವಾನ್ ಯೂಕ್-ಲಿನ್. ಹದಿನೆಂಟರ ಹುಡುಗಿಯಾಗಿ ಸೇರಿದವಳಿಗೆ ಈಗ ನಲವತ್ತೊಂಬತ್ತು. ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, “ಬಂದ ಗಂಡುಗಳೆಲ್ಲ ಕೈ ತೊಳೀದೆ ಬಂದ್ರು” ಎಂದು ಮಾತು ಮುಗಿಸುತ್ತಿದ್ದಳು.

ಅವಳ ಕೆಲಸಕ್ಕೆ ಕೈ ತೊಳೆದಿರುವುದು ಅಷ್ಟು ಮುಖ್ಯವಾಗಿತ್ತು. ನಿರ್ದೇಶಕರು, ಸಂಕಲನಕಾರರು ಒಂದು ಅಗ್ಗದ ಪ್ರತಿಯನ್ನು ಇಟ್ಟುಕೊಂಡು ಮನಸ್ಸಿಗೆ ಬಂದಂತೆ ಹರಿಯುತ್ತಾರೆ, ಜೋಡಿಸುತ್ತಾರೆ, ಮತ್ತೆ ಹರಿಯುತ್ತಾರೆ. ಅವರ ಜಗಳವೆಲ್ಲ ಮುಗಿದ ಮೇಲೆ, ಕ್ಯಾಮೆರಾದಿಂದ ಬಂದ ಅಸಲಿ ನೆಗೆಟಿವ್ ಅನ್ನು ಅದರಂತೆಯೇ, ಅಂಚಿನ ಮೇಲಿನ ಪುಟ್ಟ ಪುಟ್ಟ ಅಂಕಿಗಳನ್ನು ತಾಳೆ ನೋಡಿ ಕತ್ತರಿಸಬೇಕು. ಆ ನೆಗೆಟಿವ್ ಇರುವುದು ಒಂದೇ ಒಂದು. ಕತ್ತರಿ ಒಂದು ಫ್ರೇಮು ಆಚೆ ಬಿದ್ದರೆ ದೇವರು ಬಂದರೂ ಸರಿಮಾಡಲಾರ. ಮೂವತ್ತೊಂದು ವರ್ಷದಲ್ಲಿ ಲಿನ್‌ಳ ಕತ್ತರಿ ಒಮ್ಮೆಯೂ ಆಚೆ ಬಿದ್ದಿರಲಿಲ್ಲ. ಜ್ಯೋತಿಷಿಯನ್ನು ಕೇಳದೆ ಕ್ಯಾಮೆರಾ ಮುಟ್ಟದ ನಿರ್ದೇಶಕರು ಕೂಡ ಲಿನ್ ಅಕ್ಕನ ಕೋಣೆಯ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬರುತ್ತಿದ್ದರು.

ಅವಳ ಕೈಯಿಂದ ಹಾದುಹೋದ ಸಿನಿಮಾಗಳಲ್ಲಿ ಅರ್ಧಕ್ಕರ್ಧ ಗ್ಯಾಂಗುಗಳ ಕತೆಗಳೇ. ದೇವರ ಮುಂದೆ ರಕ್ತ ಸುರಿಸಿ ಆಣೆ ಮಾಡುವ ಅಣ್ಣತಮ್ಮಂದಿರು, ಹೆಗಲ ಮೇಲೆ ಕೋಟು ಇಳಿಬಿಟ್ಟುಕೊಂಡು ನಡೆಯುವ ನಾಯಕರು, ಗೆಳೆಯನಿಗಾಗಿ ಗುಂಡು ತಿಂದು ಹತ್ತು ನಿಮಿಷ ಸಾಯುವ ನಾಯಕರು. ಅವಳ ತಮ್ಮ ಬೋ ಹದಿನಾರನೆಯ ವಯಸ್ಸಿನಲ್ಲಿ ಅಂಥದೊಂದು ಸಿನಿಮಾವನ್ನು ಐದು ಸಲ ನೋಡಿದ. ಆ ಸಿನಿಮಾದ ನೆಗೆಟಿವ್ ಕತ್ತರಿಸಿದವಳು ಅಕ್ಕನೇ. ಆರನೆಯ ಸಲ ಅವನು ಸಿನಿಮಾಕ್ಕೆ ಹೋಗಲಿಲ್ಲ. ಮಾಂಗ್‌ಕಾಕಿನ ಒಂದು ಗ್ಯಾಂಗಿಗೆ ಹೋಗಿ ಸೇರಿಕೊಂಡ.

“ಅಲ್ಲಿ ಎಲ್ರೂ ಒಂದೇ ತಾಯಿ ಮಕ್ಕಳ ಥರ ಅಕ್ಕಾ” ಎಂದಿದ್ದ.

“ಇರೋ ತಾಯಿ ನಿಂಗೆ ಸಾಕಾಗ್ಲಿಲ್ವೇನೋ?” ಎಂದಿದ್ದಳು ಲಿನ್.

ಇಪ್ಪತ್ತೆರಡಕ್ಕೆ ಅವನು ಸತ್ತ. ಮಿನಿಬಸ್ ನಿಲ್ದಾಣವೊಂದು ಯಾರ ಕೈಯಲ್ಲಿರಬೇಕು ಎಂಬ ಜಗಳದಲ್ಲಿ ಹಾಡುಹಗಲೇ ಚಾಕು ಬಿತ್ತು. ಜೊತೆಗಿದ್ದ ಹನ್ನೊಂದು ಮಂದಿ ಆಣೆಯ ಅಣ್ಣತಮ್ಮಂದಿರು ಹನ್ನೊಂದು ದಿಕ್ಕಿಗೆ ಓಡಿದರು. ಕೊನೆಯ ಗಳಿಗೆಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು, ಅವನ ಹೆಸರೂ ಗೊತ್ತಿಲ್ಲದ ಒಬ್ಬ ಹಣ್ಣು ಮಾರುವ ಹೆಂಗಸು. ಅಂತ್ಯಕ್ರಿಯೆಗೆ ಗ್ಯಾಂಗಿನ ಒಬ್ಬನೂ ಬರಲಿಲ್ಲ. ಒಂದು ಹೂವಿನ ಚಕ್ರ ಬಂತು. ಅದರ ಮೇಲೆ ಅವನ ಹೆಸರನ್ನು ತಪ್ಪಾಗಿ ಬರೆದಿತ್ತು.

ಲಿನ್ ಕೆಲಸ ಬಿಡಲಿಲ್ಲ. ಬಿಟ್ಟು ಮಾಡುವುದಾದರೂ ಏನಿತ್ತು? ಆದರೆ ಅಂದಿನಿಂದ ಸಿನಿಮಾದಲ್ಲಿ ನಾಯಕ ಸಾಯುವ ಭಾಗ ಬಂದಾಗ ಅವಳು ಚಿತ್ರ ನೋಡುತ್ತಿರಲಿಲ್ಲ, ಅಂಚಿನ ಅಂಕಿ ಮಾತ್ರ ನೋಡುತ್ತಿದ್ದಳು.

ಈಚಿನ ವರ್ಷಗಳಲ್ಲಿ ಕತೆ ಇನ್ನೂ ವಿಚಿತ್ರವಾಗಿತ್ತು. ಪರದೆಯ ಮೇಲಿನ ರೌಡಿಗಳು ಜನಪ್ರಿಯರಾದದ್ದೇ ತಡ, ಬೀದಿಯ ರೌಡಿಗಳು ಸಿನಿಮಾದವರ ನಡುವೆಯೇ ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಸಿನಿಮಾದಲ್ಲೂ ನಟಿಸು ಎಂದು ನಟರ ಮನೆ ಬಾಗಿಲು ಒದೆಯುವುದು, ಒಪ್ಪದವರ ಕಾರಿನ ಗಾಜು ಒಡೆಯುವುದು ನಡೆದೇ ಇತ್ತು. ಹಿಂದಿನ ಚಳಿಗಾಲದಲ್ಲಿ ಸಿನಿಮಾ ಮಂದಿಯೆಲ್ಲ ಬೀದಿಗಿಳಿದು ಮೆರವಣಿಗೆ ಮಾಡಿದ್ದರು. ಲಿನ್ ಕೂಡ ಕೊನೆಯ ಸಾಲಿನಲ್ಲಿ ಸೀಟೋ ಅವರ ಪಕ್ಕ ನಡೆದಿದ್ದಳು. ಆಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಮರಳಿದ್ದರು, ರೌಡಿಗಳೂ ಮರಳಿದ್ದರು.

ಚೀನೀ ಪಂಚಾಂಗದ ಹುಂಜದ ವರ್ಷ ಹುಟ್ಟಲು ಹದಿನೇಳು ದಿನವಿತ್ತು. ಹೊಸವರ್ಷದ ಮೊದಲ ದಿನ ಬಿಡುಗಡೆಯಾಗಬೇಕಿದ್ದ ಸಿನಿಮಾ ಲಿನ್‌ಳ ಮೇಜಿನ ಮೇಲಿತ್ತು. ನಿರ್ದೇಶಕ ಮೋಕ್. ನಾಯಕ ತಿನ್-ಲೋಕ್; ಕೌಲೂನಿನಲ್ಲಿ ಅವನ ಮುಖವಿಲ್ಲದ ಬಸ್ಸೇ ಓಡುತ್ತಿರಲಿಲ್ಲ. ಹತ್ತು ರೀಲುಗಳಲ್ಲಿ ಆರು ಮುಗಿದಿದ್ದವು, ನಾಲ್ಕು ಬಾಕಿ. ಈ ತಿನ್-ಲೋಕ್ ಒಂದು ಗ್ಯಾಂಗಿನ ಸಿನಿಮಾದಲ್ಲಿ ನಟಿಸುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಊರೆಲ್ಲ ಸುದ್ದಿಯಾಗಿದ್ದ.

ಗುರುವಾರ ಮಧ್ಯಾಹ್ನ ಮೂರು ಗಂಟೆ. ಲ್ಯಾಬಿನ ಉಳಿದಿಬ್ಬರು ಚಹಾಕ್ಕೆ ಹೋಗಿದ್ದರು. ಸೀಟೋ ಹೊರಕೋಣೆಯಲ್ಲಿ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದರು. ಬಾಗಿಲು ದಡಾರನೆ ತೆರೆದು ಮೂವರು ಒಳನುಗ್ಗಿದರು. ಇಬ್ಬರ ಕೈಯಲ್ಲಿ ಪತ್ರಿಕೆ ಸುತ್ತಿದ ಕತ್ತಿಗಳು. ಮೂರನೆಯವನ ಕೈ ಖಾಲಿ. ಹೆಗಲ ಮೇಲೆ ಕೋಟು ಇಳಿಬಿಟ್ಟಿದ್ದ. ಅವನ ಎಡಹುಬ್ಬು ಕೆಂಡದ ಬೂದಿಯಂತೆ ಬೆಳ್ಳಗಿತ್ತು. ಬಿಳಿಹುಬ್ಬಿನ ಫಾಟ್ ಎಂದರೆ ತೊಕ್ವಾವಾನಿನಲ್ಲಿ ಅಂಗಡಿಯವರು ದನಿ ತಗ್ಗಿಸುತ್ತಿದ್ದರು. ಇಬ್ಬರು ಸೀಟೋ ಅವರ ಕತ್ತಿನ ಪಟ್ಟಿ ಹಿಡಿದು ಲಿನ್‌ಳ ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದರು.

ಲಿನ್ ತಲೆಯೆತ್ತಿದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಕತ್ತಿಯಲ್ಲ, ಕೆಸರು ಮೆತ್ತಿದ ಆರು ಬೂಟುಗಳು.

“ಬೂಟು ಬಿಚ್ಚಿ!” ಎಂದು ಕಿರುಚಿದಳು.

ಯಾಕೆ ಬಿಚ್ಚಿದರೋ ಅವರಿಗೇ ತಿಳಿಯದು, ಬಿಚ್ಚಿದರು. ಒಬ್ಬನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ಕಂಡಾಗ ಲಿನ್‌ಳ ಎದೆಬಡಿತ ಸ್ವಲ್ಪ ಹದಕ್ಕೆ ಬಂತು.

ಫಾಟ್ ನಯವಾಗಿ ಮಾತಾಡಿದ. ಸಿನಿಮಾದ ದೊಡ್ಡ ರೌಡಿಗಳು ಮಾತಾಡುವ ಹಾಗೆ. “ಆಂಟಿ, ನಿಮ್ಮ ಮೇಲೆ ನಮಗೇನೂ ಕೋಪ ಇಲ್ಲ. ಮೋಕ್‌ನ ಸಿನಿಮಾದ ನೆಗೆಟಿವ್ ಕೊಡಿ. ತಿನ್-ಲೋಕ್ ನಮ್ಮ ಸಿನಿಮಾಕ್ಕೆ ಹೂಂ ಅಂದ ದಿನ ವಾಪಸ್ ಬರುತ್ತೆ. ಉಹೂಂ ಅಂದ್ರೆ ಬೆಂಕಿಗೆ ಹೋಗುತ್ತೆ.”

ಸೀಟೋ, “ಕೊಟ್ಬಿಡು ಲಿನ್, ಕೊಟ್ಬಿಡು” ಎಂದರು.

ಹತ್ತು ರೀಲುಗಳ ನೆಗೆಟಿವ್ ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಕೆಳಗಿನ ಕಟ್ಟೆಯಲ್ಲಿ ಅದೇ ಸಿನಿಮಾದ ಬೇಡದ ತುಣುಕುಗಳು ಡಬ್ಬಿ ಡಬ್ಬಿ ಬಿದ್ದಿದ್ದವು: ನಾಯಕ ಮಾತು ಮರೆತದ್ದು, ಎಡವಿದ್ದು, ಶೀನಿದ್ದು, ನಕ್ಕು ಕೆಡಿಸಿದ್ದು. ಲಿನ್ ಎದ್ದು ನಿಂತಳು. ಗವಸಿನ ಪೆಟ್ಟಿಗೆಯನ್ನು ಮೇಜಿನ ಅಂಚಿಗೆ ತಳ್ಳಿದಳು.

“ತಗೊಂಡ್ಹೋಗಿ. ಆದ್ರೆ ಬರಿಗೈಲಿ ಮುಟ್ಟಿದ್ರೆ ಬೆವರು ಹತ್ತಿ ಎರಡೇ ದಿನಕ್ಕೆ ಕಪ್ಪಾಗುತ್ತೆ. ಆಮೇಲೆ ತಿನ್-ಲೋಕ್ ಅದಕ್ಕೆ ಹೆದರ್ತಾನಾ? ಗವಸು ಹಾಕ್ಕೊಳ್ಳಿ.”

ಮೂವರೂ ಬಿಳಿ ಹತ್ತಿಯ ಗವಸು ತೊಟ್ಟು, ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತರು. ಗವಸು ಹಾಕಿಕೊಳ್ಳಲು ಕತ್ತಿಗಳನ್ನು ಕೆಳಗಿಡಬೇಕಾಯಿತು. ಲಿನ್ ಕೆಳಗಿನ ಕಟ್ಟೆಯಿಂದ ಒಂದೊಂದೇ ಡಬ್ಬಿ ತೆಗೆದಳು. “ಚೀಟಿ ಅಳಿಸಿಹೋಗಿದೆ, ಬರ್ದು ಕೊಡ್ತೀನಿ” ಎಂದು ಸಿನಿಮಾದ ಹೆಸರು, ರೀಲಿನ ಸಂಖ್ಯೆ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದಳು. ಒಂದರಿಂದ ಹತ್ತು.

ಫಾಟ್ ದಡ್ಡನಾಗಿರಲಿಲ್ಲ. ಐದನೆಯ ಡಬ್ಬಿ ತೆರೆಸಿ, ಫಿಲ್ಮಿನ ತುದಿಯನ್ನು ಎಳೆದು ದೀಪಕ್ಕೆ ಹಿಡಿದು ನೋಡಿದ. ತಿನ್-ಲೋಕನ ಮುಖ ಸ್ಪಷ್ಟವಾಗಿ ಕಂಡಿತು.

“ಇದೇನು, ದೆವ್ವದ ಥರ ಇದಾನೆ?”

“ನೆಗೆಟಿವ್‌ನಲ್ಲಿ ಎಲ್ರೂ ಹಂಗೇ. ಕರೀದು ಬಿಳೀದು, ಬಿಳೀದು ಕರೀದು. ನಿಮ್ಮನ್ನ ಹಿಡಿದ್ರೂ ಅಷ್ಟೇ.”

ಅವನು ನಕ್ಕ. ಹೋಗುವಾಗ, “ಧೈರ್ಯಸ್ಥೆ ನೀವು” ಎಂದು ಹೊಗಳಿಯೂ ಹೋದ. ಗವಸು ಕಳಚುವುದನ್ನು ಮೂವರೂ ಮರೆತಿದ್ದರು.

ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಕರಗಿದ ಮೇಲೆ ಲಿನ್ ಹೋಗಿ ಬಾಗಿಲ ಚಿಲಕ ಹಾಕಿದಳು. ಸೀಟೋ ಅಳುತ್ತಿದ್ದರು. “ಹೋಯ್ತು, ಎಲ್ಲಾ ಹೋಯ್ತು.”

“ಏನೂ ಹೋಗಿಲ್ಲ ಯಜಮಾನ್ರೆ. ನಮ್ಮ ಕಸ ಗುಡಿಸಿಕೊಂಡು ಹೋದ್ರು.”

ಸೀಟೋ ಕಪಾಟು ನೋಡಿದರು, ಕೆಳಗಿನ ಕಟ್ಟೆ ನೋಡಿದರು, ಮತ್ತೆ ಕಪಾಟು ನೋಡಿದರು. ಆಮೇಲೆ ಬಂದ ನಗು ತಡೆಯಲಾಗದೆ ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಯಾಕೆಂದರೆ ಕೆಳಗೆ ಕಟ್ಟಡದ ಕಾವಲುಗಾರ ಕಿವಿಗೊಟ್ಟು ಕೂತಿರುತ್ತಾನೆ. ಕೆಲಸದ ಇಬ್ಬರು ಚಹಾಕ್ಕೆ ಹೋಗಿದ್ದ ಗಳಿಗೆಯನ್ನೇ ನೋಡಿ ರೌಡಿಗಳು ಬಂದರೆಂದರೆ, ಹೇಳಿಕಳಿಸಿದವನು ಅವನಲ್ಲದೆ ಬೇರೆ ಯಾರೂ ಅಲ್ಲ.

ಅಲ್ಲೇ ತೊಡಕಿತ್ತು. ಇನ್ನು ಆ ಕೋಣೆಯಲ್ಲಿ ಕತ್ತರಿಸುವ ಕೆಲಸ ನಡೆದರೆ ಸುದ್ದಿ ಫಾಟ್‌ಗೆ ಮುಟ್ಟುತ್ತಿತ್ತು. ಪೊಲೀಸರಿಗೆ ದೂರು ಕೊಟ್ಟರೆ ಅವರು ಸಾಕ್ಷ್ಯವೆಂದು ಎಲ್ಲ ಡಬ್ಬಿಗೂ ಮುದ್ರೆ ಒತ್ತಿ ಒಯ್ಯುತ್ತಿದ್ದರು, ಹೊಸವರ್ಷ ಕೈತಪ್ಪುತ್ತಿತ್ತು. ಸಂಜೆ ನಿರ್ದೇಶಕ ಮೋಕ್ ಬಂದು ತಲೆಯ ಮೇಲೆ ಕೈಹೊತ್ತು ಕೂತ. ಕೊನೆಗೆ ಲಿನ್, “ನಿರ್ಮಾಪಕರು ಫಾಟ್ ಹತ್ರ ಫೋನಲ್ಲಿ ಅಳ್ತಾ ಇರ್ಲಿ, ಚೌಕಾಸಿ ಮಾಡ್ತಾ ಇರ್ಲಿ. ನಂಗೆ ಎಂಟು ದಿನ ಕೊಡಿ. ನಮ್ಮನೇಲಿ ಮುಗಿಸ್ತೀನಿ” ಎಂದಳು.

“ನಿಮ್ಮನೇಲಾ? ಶೆಕ್ ಕಿಪ್ ಮೇ ಸರಕಾರಿ ವಠಾರದಲ್ಲಾ?” ಮೋಕ್ ಬಾಯಿ ತೆರೆದ. “ಅಲ್ಲಿ ಧೂಳು, ಎಣ್ಣೆ ಹೊಗೆ…”

“ಅದು ನನ್ನ ತಲೆನೋವು.”

ಮರುದಿನ ಅವಳು ತರಕಾರಿ ತರುವ ಚಕ್ರದ ಚೀಲದಲ್ಲಿ ನಾಲ್ಕು ಸಲ ನೆಗೆಟಿವ್ ಹೊತ್ತು ಸಾಗಿಸಿದಳು. ಮೇಲೆ ಸೊಪ್ಪಿನ ಕಟ್ಟು, ಕೆಳಗೆ ತಿನ್-ಲೋಕ್. ಮೂರನೆಯ ಸಲ ಕಾವಲುಗಾರ ಎದ್ದು ಬಂದ.

“ಏನಕ್ಕಾ ಇಷ್ಟು ಭಾರ?”

“ಹೊಸವರ್ಷ ಬಂತಲ್ಲಪ್ಪ. ಮಿಠಾಯಿ ಇಡೋಕೆ ಹಳೇ ಡಬ್ಬಿ.”

ಅವನು ಪಾಪ, ಚೀಲವನ್ನು ಎತ್ತಿ ಮೆಟ್ಟಿಲಿಳಿಸಿಕೊಟ್ಟ.

ಶೆಕ್ ಕಿಪ್ ಮೇಯ ಆ ಕಟ್ಟಡಕ್ಕೆ ಏಳು ಮಹಡಿ, ಲಿಫ್ಟ್ ಇಲ್ಲ. ಲಿನ್‌ಳದು ಏಳನೆಯ ಮಹಡಿಯ ಒಂದೇ ಕೋಣೆ. ಎಲ್ಲರೂ ಅಡುಗೆ ಮಾಡುವುದು ಹೊರಗಿನ ಉದ್ದ ಪಡಸಾಲೆಯಲ್ಲಿ, ಸಾಲಾಗಿ ಒಲೆಗಳನ್ನಿಟ್ಟುಕೊಂಡು. ಅಲ್ಲಿನ ದೊರೆಯೆಂದರೆ ಪಾಂಗ್ ಅಜ್ಜಿ. ಎಪ್ಪತ್ತೆರಡರ ಹಳೆಯ ಸೂಲಗಿತ್ತಿ, ಬೆಳಗಿನಿಂದ ಸಂಜೆಯವರೆಗೆ ಮಾಜಾಂಗ್ ಎಂಬ ಬಿಲ್ಲೆಯಾಟ, ಬಾಯಿ ತೆರೆದರೆ ಬೈಗುಳ. ಲಿನ್ ಅವಳ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುಳ್ಳು ಹೇಳಿ ಇಡೀ ಮಹಡಿಯನ್ನು ಅಪಾಯಕ್ಕೆ ತಳ್ಳುವುದು ಅವಳಿಂದಾಗುತ್ತಿರಲಿಲ್ಲ.

ಅಜ್ಜಿ ಹಲ್ಲುಕಡ್ಡಿ ಆಡಿಸುತ್ತ ಕೇಳಿದಳು. “ಆ ಫಾಟ್‌ನ ಹುಡುಗ್ರೇ ಅಲ್ವೇನೆ ನಮ್ಮ ಮೆಟ್ಟಿಲ ಮೇಲೆ ಕೂತು ಹೋಗೋ ಬರೋ ಹೆಣ್ಮಕ್ಕಳನ್ನ ಚುಡಾಯಿಸೋದು?”

“ಹೂಂ ಅಜ್ಜಿ.”

“ಸರಿ. ಏನೇನು ಬೇಕು ಹೇಳು.”

ಬೇಕಾದದ್ದು ಇಷ್ಟು: ಎಂಟು ದಿನ ಯಾರೂ ಎಣ್ಣೆಯಲ್ಲಿ ಏನನ್ನೂ ಕರಿಯಬಾರದು, ಚಾಪೆ ಕೊಡವಬಾರದು, ಧೂಪ ಹಚ್ಚಬಾರದು. ಹೊಸವರ್ಷ ಎದುರಿಗಿರುವಾಗ ಎಣ್ಣೆಯಿಡದೆ ಇರುವುದೆಂದರೆ ಆ ವಠಾರದಲ್ಲಿ ಸಣ್ಣ ಮಾತಲ್ಲ. ಒಬ್ಬಿಬ್ಬರು ಗೊಣಗಿದರು. “ಎಳ್ಳುಂಡೆ ಕರೀದೆ ಹಬ್ಬ ಹೆಂಗೇ?” ಎಂದರು. “ಒಂಬತ್ತನೇ ದಿನ ಕರಿಯೇ. ಎಳ್ಳೇನು ಓಡ್ಹೋಗಲ್ಲ” ಎಂದು ಅಜ್ಜಿ ಬಾಯಿ ಮುಚ್ಚಿಸಿದಳು. ಇಡೀ ಮಹಡಿ ಬೇಯಿಸಿದ ಮೀನು, ಬೇಯಿಸಿದ ಸೊಪ್ಪು, ಗಂಜಿಯಲ್ಲಿ ದಿನ ದೂಡಿತು. ಲಿನ್‌ಳ ಕೋಣೆಯ ಬಾಗಿಲು ಕಿಟಕಿಗಳಿಗೆ ಒದ್ದೆ ದುಪ್ಪಟಿ ಇಳಿಬಿಟ್ಟರು. ಗಂಟೆಗೊಮ್ಮೆ ಯಾರಾದರೂ ಬಂದು ನೀರು ಚಿಮುಕಿಸಿ ಹೋಗುತ್ತಿದ್ದರು. ಮೆಟ್ಟಿಲು ಮುಗಿಯುವ ಜಾಗದಲ್ಲಿ, ದಾರಿಗೆ ಅಡ್ಡವಾಗಿ, ಪಾಂಗ್ ಅಜ್ಜಿಯ ಮಾಜಾಂಗ್ ಮೇಜು ಬಂದು ಕೂತಿತು.

ಲಿನ್ ಮಂಚದ ಹಲಗೆಯನ್ನೇ ಮೇಜು ಮಾಡಿಕೊಂಡು ಕತ್ತರಿಸಿದಳು. ಬೆಳಕು ಮೂಡಿದಾಗ ಕೂತರೆ ಕಣ್ಣು ಉರಿಯುವವರೆಗೆ. ದಿನಕ್ಕೆ ಅರ್ಧ ರೀಲು.

ಏಳನೆಯ ದಿನ ಹೊರಗೆ ಬೇರೆಯೇ ಒಂದು ಕತೆ ನಡೆದಿತ್ತು. ಫಾಟ್‌ನ ಗ್ಯಾಂಗಿನ ದೊಡ್ಡಣ್ಣನಿಗೆ ತನ್ನ ಪ್ರತಾಪ ತೋರಿಸಿಕೊಳ್ಳುವ ಹುಚ್ಚು ಹತ್ತಿತು. ಹತ್ತು ಡಬ್ಬಿಗಳಿಂದ ಗುಟ್ಟಾಗಿ ಒಂದು ಪ್ರತಿ ಹಾಕಿಸಿ, ಮಕಾವ್‌ನಲ್ಲಿ ಒಂದು ಸಭಾಂಗಣ ಹಿಡಿದು, ಬೇರೆ ಗ್ಯಾಂಗುಗಳ ಮುಖಂಡರನ್ನೂ ಕರೆದ: ಊರಿನವರಿಗಿಂತ ಮೊದಲೇ ಹೊಸವರ್ಷದ ಸಿನಿಮಾ ನೋಡಿ ಬನ್ನಿ ಎಂದು. ದೀಪ ಆರಿತು. ಪರದೆಯ ಮೇಲೆ ತಿನ್-ಲೋಕ್ ಪಿಸ್ತೂಲು ಎತ್ತಿದ, ಶೀನಿದ. ಮತ್ತೆ ಎತ್ತಿದ, ಮತ್ತೆ ಶೀನಿದ. ಕಾರಿನಿಂದ ಇಳಿಯುವಾಗ ಅವನ ಪ್ಯಾಂಟು ಹಿಂದೆ ಹರಿಯಿತು. ಸಾಯುವ ಗೆಳೆಯನನ್ನು ತಬ್ಬಿ, ಸತ್ತವನ ಜೊತೆ ತಾನೂ ಕಿಸಕ್ಕನೆ ನಕ್ಕ. ಹತ್ತು ಡಬ್ಬಿಯೂ ಹೀಗೇ. ಅತಿಥಿಗಳು ಕುರ್ಚಿಯಿಂದ ಬಿದ್ದು ಬಿದ್ದು ನಕ್ಕರು. ಮರುದಿನದ ಬೆಳಗಿನ ಚಹಾದ ಹೊತ್ತಿಗೆ ಕೌಲೂನಿನ ಉಪಾಹಾರಗೃಹಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಅದೇ ಬೆಳಿಗ್ಗೆ ಹನ್ನೊಂದಕ್ಕೆ ಫಾಟ್‌ನ ನಾಲ್ವರು, ಕಾವಲುಗಾರ ಕೊಟ್ಟ ವಿಳಾಸ ಹಿಡಿದು, ಶೆಕ್ ಕಿಪ್ ಮೇಯ ಮೆಟ್ಟಿಲು ಹತ್ತಿ ಬಂದರು. ಲಿನ್ ಒಳಗೆ ಕೊನೆಯ ರೀಲಿನ ಕೊನೆಯ ಭಾಗದಲ್ಲಿದ್ದಳು. ಬಾಗಿಲಾಚೆಯ ಮಾತೆಲ್ಲ ಕೇಳಿಸುತ್ತಿತ್ತು.

“ದಾರಿ ಬಿಡಜ್ಜಿ.”

“ಆಟ ಮುಗೀಲಿ.”

“ಯಾವಾಗ ಮುಗಿಯುತ್ತೆ?”

“ನಾನು ಗೆದ್ದಾಗ.”

ಮೇಜಿಗೆ ಒದ್ದ ಸದ್ದು. ಬಿಲ್ಲೆಗಳು ಮೆಟ್ಟಿಲ ಮೇಲೆ ಚೆಲ್ಲಾಡಿ ಉರುಳಿದವು. ಆಮೇಲೆ ಅಜ್ಜಿಯ ದನಿ, ಬೈಗುಳವಿಲ್ಲದೆ, ತಣ್ಣಗೆ: “ಟೋಪಿ ತೆಗಿಯೋ. ನೀನು ಐದನೇ ಮಹಡಿ ಲೀಯಂಗ್ ಮಗ ತಾನೆ? ಅಡ್ಡ ಮಲಗಿದ್ದೆ, ನಿನ್ನನ್ನ ಹೊರಗೆಳೆದದ್ದು ಈ ಕೈ. ನಿಮ್ಮಮ್ಮ ಮೂರು ದಿನ ಒದ್ದಾಡಿದ್ಲು. ಈಗ ಬಂದು ನನ್ನ ಮೇಜಿಗೆ ಒದೀತೀಯಾ? ಬಿಲ್ಲೆ ಆರಿಸು.”

ಯಾರೂ ಕದಲಲಿಲ್ಲ. ಅಷ್ಟರಲ್ಲಿ ಒಂದು ಬಾಣಲೆಯ ಮುಚ್ಚಳ ಬಡಿದ ಸದ್ದಾಯಿತು. ಆಮೇಲೆ ಇನ್ನೊಂದು. ಏಳನೆಯ ಮಹಡಿಯ ಒಲೆಗಳ ಹಿಂದಿನಿಂದ ಹೆಂಗಸರು ಸೌಟು, ಮುಚ್ಚಳ, ಕುದಿಯುವ ಗಂಜಿಯ ಪಾತ್ರೆ ಹಿಡಿದು ಎದ್ದು ಬಂದಿದ್ದರು. ಸದ್ದು ಆರನೆಯ ಮಹಡಿಗೆ ಇಳಿಯಿತು, ಐದಕ್ಕೆ ಇಳಿಯಿತು, ಕೊನೆಗೆ ಇಡೀ ಕಟ್ಟಡವೇ ಕಂಚಿನ ತಾಳದಂತೆ ಗಣಗುಟ್ಟಿತು. ಐದನೆಯ ಮಹಡಿಯಿಂದ ಲೀಯಂಗ್‌ಳೇ ಪೊರಕೆ ಹಿಡಿದು ಮಗನ ಹೆಸರು ಕೂಗುತ್ತ ಮೇಲೆ ಬರುತ್ತಿದ್ದಳು. ಆ ನಾಲ್ವರು ಮಂಡಿಯೂರಿ ಬಿಲ್ಲೆ ಆರಿಸಿದರು. ನೂರ ನಲವತ್ನಾಲ್ಕೂ ಸಿಗುವವರೆಗೆ ಅಜ್ಜಿ ಅವರನ್ನು ಬಿಡಲಿಲ್ಲ.

ಲಿನ್ ಕತ್ತರಿ ಕೆಳಗಿಟ್ಟು, ಸದ್ದು ಮೆಟ್ಟಿಲಿಳಿದು ಹೋಗುವವರೆಗೆ ಕಾದಳು. ಮುಂದಿದ್ದದ್ದು ನಾಯಕ ಸಾಯುವ ದೃಶ್ಯ. ಬೋ ಸತ್ತ ಮೇಲಿನ ಹದಿನೇಳು ವರ್ಷಗಳಲ್ಲಿ ಅವಳು ಮೊದಲ ಸಲ ಅಂಕಿ ಬಿಟ್ಟು ಚಿತ್ರವನ್ನು ದಿಟ್ಟಿಸಿ ನೋಡಿದಳು. ಕರಿಯ ಮುಖ, ತಿಳಿಗೂದಲು, ಬಣ್ಣದ ನೀರಿನ ರಕ್ತ. ‘ನೀನು ನಾಳೆ ಎದ್ದು ಊಟಕ್ಕೆ ಹೋಗ್ತೀಯ ಬಿಡಪ್ಪ’ ಎಂದುಕೊಂಡಳು. ಕತ್ತರಿಸಿದಳು. ಅಂಟಿಸಿದಳು. ಎಂಟನೆಯ ದಿನ ಮಧ್ಯಾಹ್ನ ಹತ್ತು ರೀಲುಗಳು ಪೊಲೀಸ್ ಕಾವಲಿನಲ್ಲಿ ಮುದ್ರಣಕ್ಕೆ ಹೊರಟವು. ಗುಟ್ಟು ಒಡೆದದ್ದರಿಂದ ಸೀಟೋ ಅವರು ಆವತ್ತೇ ದೂರು ಬರೆದುಕೊಟ್ಟಿದ್ದರು; ಸಾಕ್ಷ್ಯದ ಡಬ್ಬಿಗಳನ್ನು ಮುದ್ರಣವಾದ ಮೇಲೆ ಒಪ್ಪಿಸುವುದೆಂದು ಮಾತಾಗಿತ್ತು.

ಹೊಸವರ್ಷದ ಮೊದಲ ದಿನ ಏಳನೆಯ ಮಹಡಿಯ ಅರವತ್ತೂ ಮಂದಿಗೆ ಯಾವ್‌ಮಾತೇಯ ಚಿತ್ರಮಂದಿರದಲ್ಲಿ ಬಾಲ್ಕನಿಯ ಮೊದಲ ಸಾಲುಗಳು ಮೀಸಲಾಗಿದ್ದವು. ಕೊನೆಯಲ್ಲಿ ಹೆಸರುಗಳು ಓಡಲು ಶುರುವಾದಾಗ ಜನ ಎದ್ದರು. ಬಾಲ್ಕನಿಯವರು ಏಳಲಿಲ್ಲ. ಪರದೆಯ ಮೇಲೆ ಬಂತು: ‘ನೆಗೆಟಿವ್: ಕ್ವಾನ್ ಯೂಕ್-ಲಿನ್ ಹಾಗೂ ಶೆಕ್ ಕಿಪ್ ಮೇಯ ಏಳನೆಯ ಮಹಡಿ’. ಪಾಂಗ್ ಅಜ್ಜಿಗೆ ಓದು ಬರುತ್ತಿರಲಿಲ್ಲ. ಪಕ್ಕದವಳು ಓದಿ ಹೇಳಿದ ಮೇಲೆ ಎದ್ದು ನಿಂತು ಶಿಳ್ಳೆ ಹೊಡೆದಳು. ಕೆಳಗಿದ್ದವರೆಲ್ಲ ತಿರುಗಿ ನೋಡಿದರು. ಮೂವತ್ತೊಂದು ವರ್ಷ ಪರದೆಯ ಹಿಂದೆ ಕೆಲಸ ಮಾಡಿದ ಲಿನ್ ಮುಖ ಮುಚ್ಚಿಕೊಂಡು ನಕ್ಕಳು.

ಫಾಟ್ ಸಿಕ್ಕಿಬಿದ್ದದ್ದು ಅದಾಗಿ ಎರಡು ವಾರಕ್ಕೆ. ಗುರುತು ಹಿಡಿಯಲು ಬರಬೇಕು ಎಂದು ಪೊಲೀಸರು ಹೇಳಿಕಳಿಸಿದರು. ಸೀಟೋ ಕೈಮುಗಿದರು: “ಸಿನಿಮಾ ಉಳೀತು, ಲ್ಯಾಬ್ ಉಳೀತು. ಇನ್ನು ಸಾಕು ಲಿನ್. ನೆನಪಿಲ್ಲ ಅಂದ್ಬಿಡು.” ಆ ವಾರವೇ ಯಾರೋ ಅವಳ ಬಾಗಿಲಿಗೆ ಬೆದರಿಕೆಯ ಕೆಂಪು ಬಣ್ಣ ಎರಚಿ ಹೋಗಿದ್ದರು. ಲಿನ್ ಆ ಬಾಗಿಲ ಮುಂದೆ ತುಂಬ ಹೊತ್ತು ನಿಂತಿದ್ದಳು. ಪಾಂಗ್ ಅಜ್ಜಿ ಬಂದು ನೋಡಿ, “ಹದಿನೈದು ದಿನದ ಹಬ್ಬ ಮುಗಿಯೋಕೆ ಮುಂಚೆ ಕೆಂಪು ಬಳಿದವ್ರೆ, ಶುಭ ಕಣೇ. ಆದ್ರೆ ಕೆಳಗಡೆ ಸರಿಯಾಗಿ ಬಳಿದಿಲ್ಲ ನೋಡು, ಸೋಂಬೇರಿ ಮುಂಡೇವು” ಎಂದು ಬ್ರಷ್ ತರಿಸಿ ಉಳಿದ ಭಾಗಕ್ಕೂ ಕೆಂಪು ಬಳಿಸಿದಳು. ಮರುದಿನ ಲಿನ್ ಠಾಣೆಗೆ ಹೋದಳು.

ಅಲ್ಲಿ ಎಂಟು ಮಂದಿ ಗಂಡಸರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಬಿಳಿ ಹುಬ್ಬಿನಿಂದ ಸುಲಭವಾಗಿ ಗುರುತು ಸಿಗಬಾರದೆಂದು ಎಂಟೂ ಜನರ ಎಡಹುಬ್ಬಿಗೆ ಅಂಟುಪಟ್ಟಿ ಹಚ್ಚಿದ್ದರು. ನಿಯಮವೇನೆಂದರೆ, ಗುರುತು ಸಿಕ್ಕವನ ಹತ್ತಿರ ಹೋಗಿ ಹೆಗಲು ಮುಟ್ಟಬೇಕು. ಲಿನ್ ಅವರ ಮುಖ ನೋಡಲಿಲ್ಲ. ಸಾಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಅವರ ಕಿವಿಗಳನ್ನೇ ನೋಡುತ್ತ ನಡೆದಳು. ನಟನ ಗಡ್ಡ ಬದಲಾಗುತ್ತದೆ, ಕೂದಲು ಬದಲಾಗುತ್ತದೆ, ಕಿವಿ ಬದಲಾಗುವುದಿಲ್ಲ ಎಂಬುದು ಅವಳ ಕಸುಬು ಕಲಿಸಿದ ಪಾಠ. ಆರನೆಯವನ ಮುಂದೆ ನಿಂತಳು. ಕೈಚೀಲದಿಂದ ಬಿಳಿ ಗವಸು ತೆಗೆದು ತೊಟ್ಟು, ಅವನ ಹೆಗಲ ಮೇಲೆ ಕೈಯಿಟ್ಟಳು.

ಫಾಟ್ ಹಲ್ಲು ಕಚ್ಚಿ ಪಿಸುಗುಟ್ಟಿದ: “ಮುದುಕಿ, ಯಾರನ್ನ ಮುಟ್ತಿದೀಯ ಗೊತ್ತಾ?”

“ಗೊತ್ತಪ್ಪ. ಅದಕ್ಕೇ ಗವಸು ಹಾಕ್ಕೊಂಡೆ.”

ಇನ್ಸ್‌ಪೆಕ್ಟರ್ ಕೆಮ್ಮುವಂತೆ ನಟಿಸಿ ಗೋಡೆಯ ಕಡೆ ತಿರುಗಿದ.

ಮೊಕದ್ದಮೆ ಶರತ್ಕಾಲದಲ್ಲಿ ನಡೆಯಿತು. ಫಾಟ್‌ನ ವಕೀಲ ಜಾಣ. ಮೊದಲು ಅವಳ ಕಣ್ಣಿನ ದೃಷ್ಟಿ ಪ್ರಶ್ನಿಸಿದ, ಅಲ್ಲಿ ದಕ್ಕಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದ: “ನಿಮ್ಮ ಸ್ವಂತ ತಮ್ಮ ಒಬ್ಬ ಗ್ಯಾಂಗಿನವನಾಗಿದ್ದ. ಅಲ್ಲವೆ?”

ನ್ಯಾಯಾಲಯದಲ್ಲಿ ಗುಸುಗುಸು ಎದ್ದಿತು. ಲ್ಯಾಬಿನಲ್ಲಿ ಸೀಟೋ ಒಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರದ ಮಾತು ಅದು. ಲಿನ್ ಕಟಕಟೆಯ ಕಂಬಿಯನ್ನು ಹಿಡಿದುಕೊಂಡಳು.

“ಹೌದು. ಕ್ವಾನ್ ಸಿಯು-ಬೋ. ಇಪ್ಪತ್ತೆರಡಕ್ಕೆ ಸತ್ತ.”

“ಹಾಗಾದರೆ ಸೇಡಿಗಾಗಿ ನೀವು ಈ ಸಾಕ್ಷಿ ಹೇಳುತ್ತಿದ್ದೀರಿ.”

“ಸೇಡಾ? ನನ್ನ ತಮ್ಮನ್ನ ಇವರು ಕೊಂದಿಲ್ಲ ಸ್ವಾಮಿ. ಇವರಂಥವರು ಅವನನ್ನ ಬಿಟ್ಟು ಓಡಿದ್ರು. ಹನ್ನೊಂದು ಜನ. ಅಂಥವರನ್ನ ವೀರರು ಅಂತ ತೋರಿಸೋ ಸಿನಿಮಾನ ಈ ಕೈಯಿಂದಲೇ ನೂರಾರು ಸಲ ಕತ್ತರಿಸಿದೀನಿ. ಹಾಗಾಗಿ ನಂಗೆ ಎರಡೂ ಗೊತ್ತು. ಸಿನಿಮಾದವನೂ ಗೊತ್ತು, ನಿಜವಾದವನೂ ಗೊತ್ತು. ಆವತ್ತು ನನ್ನ ಕೋಣೆಗೆ ಬಂದವನು ನಿಜವಾದವನು. ಅಲ್ಲಿ ನಿಂತಿದಾನೆ. ಇದಿಷ್ಟೇ ನಾನು ಹೇಳೋಕೆ ಬಂದಿರೋದು.”

ವಕೀಲ ಕಾಗದ ತಿರುವಿದ. ಇನ್ನೇನೂ ಕೇಳುವುದಿಲ್ಲ ಎಂದು ಕೂತ. ಲಿನ್ ಕಟಕಟೆಯಿಂದ ಇಳಿಯುವಾಗ ಅವಳ ಬೆನ್ನು, ಮೇಜಿನ ಮೇಲೆ ಬಗ್ಗಿ ಬಗ್ಗಿ ಕೂತ ಬೆನ್ನು, ನೆಟ್ಟಗಾಗಿತ್ತು.

ಫಾಟ್‌ಗೆ ಒಂಬತ್ತು ವರ್ಷ, ಜೊತೆಗಿದ್ದ ಇಬ್ಬರಿಗೆ ಐದೈದು ವರ್ಷ ಶಿಕ್ಷೆಯಾಯಿತು. ದೊಡ್ಡಣ್ಣ ಊರು ಬಿಟ್ಟಿದ್ದ. ಮಕಾವ್‌ನ ನಗುವಿನ ನಂತರ ಅವನ ಹಿಂದೆ ಹೋಗುವವರೇ ಉಳಿದಿರಲಿಲ್ಲ. ತಿನ್-ಲೋಕ್ ತನಗೆ ಬೇಕಾದ ಸಿನಿಮಾಗಳಲ್ಲಷ್ಟೇ ನಟಿಸಿಕೊಂಡಿದ್ದ.

ತೀರ್ಪಿನ ದಿನ ನ್ಯಾಯಾಲಯದ ಮೆಟ್ಟಿಲ ಮೇಲೆ ಪತ್ರಕರ್ತರು ಮುತ್ತಿಕೊಂಡರು. ಒಬ್ಬ ಯುವತಿ ಮೈಕು ಚಾಚಿ, “ಅಕ್ಕಾ, ನೀವು ಥೇಟ್ ಸಿನಿಮಾ ನಾಯಕಿ ಥರಾನೇ!” ಎಂದಳು.

“ನಾಯಕಿಗೆ ಏಟು ತಿನ್ನೋಕೆ ಬೇರೆಯವ್ರು ಇರ್ತಾರಮ್ಮ. ನಾನೇ ಹೋಗಿ ನಿಂತಿದ್ದೆ” ಎಂದಳು ಲಿನ್.

“ಹೆದರಿಕೆ ಆಗ್ಲಿಲ್ವಾ?”

“ಆಯ್ತು. ಈಗ ಹಸಿವಾಗ್ತಿದೆ. ದಾರಿ ಬಿಡಿ.”

ಏಳನೆಯ ಮಹಡಿಯ ಹೆಂಗಸರು ಹದಿನೇಳು ಮಂದಿ ಬಂದಿದ್ದರು. ಬೀದಿಯ ಆಚೆಬದಿಯ ಉಪಾಹಾರಗೃಹದಲ್ಲಿ ಎರಡು ದುಂಡು ಮೇಜುಗಳನ್ನು ಒತ್ತಿ ಜೋಡಿಸಿ ಕೂತು, ಹಬೆಯಾಡುವ ಸಿಗಡಿ ಕಡುಬು ಬುಟ್ಟಿ ಬುಟ್ಟಿಯಾಗಿ ತರಿಸಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಬಡಿಸುವವನು ಬಂದು, ಬೇರೆ ಗಿರಾಕಿಗಳಿಗೆ ತೊಂದರೆಯಾಗುತ್ತದೆ, ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ವಿನಯದಿಂದ ಕೇಳಿಕೊಂಡ. ಮೂವತ್ತೊಂದು ವರ್ಷ ಉಸಿರು ಬಿಗಿಹಿಡಿದು, ಸದ್ದಿಲ್ಲದ ಕೋಣೆಯಲ್ಲಿ ಕೆಲಸ ಮಾಡಿದ ಕ್ವಾನ್ ಯೂಕ್-ಲಿನ್ ಅವನ ಕಡೆ ತಿರುಗಿ, ಇಡೀ ಉಪಾಹಾರಗೃಹಕ್ಕೆ ಕೇಳುವಂತೆ ಹೇಳಿದಳು:

“ಇವತ್ತು ಆಗಲ್ಲ!”